ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಎಷ್ಟು ಹೊತ್ತಿಗೆ ಊಟ?

ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ಹಳೆಯ ರೋಗಿ. ವಯಸ್ಸು ಎಪ್ಪತ್ತರ ಆಸುಪಾಸು. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಅವರ ಬೆಳಗಿನ ಕ್ರಮ ಗಡಿಯಾರದಂತೆ. ಸ್ನಾನ ಮುಗಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವುದು, ದೇವರ ಮನೆಯಲ್ಲಿ ಅರ್ಧ ಗಂಟೆ ಪೂಜೆ, ಅದಾದ ಮೇಲೆ ತಿಂಡಿ. ಸೂಜಿಗೂ ತಿಂಡಿಗೂ ನಡುವೆ ಅರ್ಧ ಗಂಟೆ ಬಿಡಬೇಕೆಂದು ಹಿಂದೆ ನಾನೇ ಹೇಳಿದ್ದೆ. ಅವರು ಆ ಅರ್ಧ ಗಂಟೆಯನ್ನು ದೇವರಿಗೆ ಕೊಟ್ಟಿದ್ದರು.

ಊಟದ ನಂತರದ ಸಕ್ಕರೆ ಅಂಶ ಹತೋಟಿಗೆ ಬರುತ್ತಿಲ್ಲವೆಂದು ಒಮ್ಮೆ ಅವರ ಇನ್ಸುಲಿನ್ ಬದಲಾಯಿಸಿದೆ. ಹೊಸ ಚೀಟಿ ಬರೆದೆ, ಎಷ್ಟು ಯೂನಿಟ್ ಎಂದು ಬರೆದೆ, ಪೆನ್ನು ಹಿಡಿಯುವುದು ಹೇಗೆಂದು ತೋರಿಸಿದೆ. ಒಂದು ಮಾತು ಮಾತ್ರ ಹೇಳಲಿಲ್ಲ. ಅಂದು ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು ಎಂಬುದು ನೆಪವಾದೀತೇ ಹೊರತು ಕಾರಣವಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎಂಟೂವರೆಗೆ ಅವರ ಸೊಸೆಯ ಫೋನು. “ಡಾಕ್ಟ್ರೇ, ಮಾವನವರು ಪೂಜೆಗೆ ಕೂತವರು ಏನೇನೋ ಮಾತಾಡ್ತಿದ್ದಾರೆ, ಮೈಯೆಲ್ಲಾ ಬೆವರು.” ನುಂಗುವಷ್ಟು ಎಚ್ಚರವಿದೆಯೇ ಎಂದು ಕೇಳಿ, ಕೂಡಲೇ ಸಕ್ಕರೆ ನೀರು ಕುಡಿಸಲು ಹೇಳಿ ಓಡಿದೆ. ನಾನು ಹೋಗುವ ಹೊತ್ತಿಗೆ ಅವರು ಗೋಡೆಗೆ ಒರಗಿ ಕುಳಿತಿದ್ದರು, ನನ್ನ ಗುರುತು ಹಿಡಿದರು. ಸಕ್ಕರೆ ಕುಡಿಸಿದ ಮೇಲೂ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ಇದ್ದದ್ದು 58. ಮೊದಲು ಎಷ್ಟಕ್ಕೆ ಇಳಿದಿತ್ತೋ!

ನಾನು ಹೇಳದೆ ಬಿಟ್ಟ ಮಾತು ಇದು: ಹೊಸ ಇನ್ಸುಲಿನ್‌ಗೆ ಅರ್ಧ ಗಂಟೆ ಕಾಯುವಂತಿಲ್ಲ. ಚುಚ್ಚಿಕೊಂಡ ಕೂಡಲೇ ಊಟಕ್ಕೆ ಕೂರಬೇಕು.

ಎರಡೂ ಇನ್ಸುಲಿನ್ನೇ, ಯೂನಿಟ್ ಕೂಡ ಅಷ್ಟೇ. ಹಾಗಿದ್ದರೂ ಒಂದಕ್ಕೆ ಕಾಯಬೇಕು, ಇನ್ನೊಂದಕ್ಕೆ ಕಾಯಬಾರದು ಏಕೆ? ಮೇಷ್ಟ್ರು ಚೇತರಿಸಿಕೊಂಡ ಮೇಲೆ ಕೇಳಿದ್ದೂ ಇದನ್ನೇ. ಇದಕ್ಕೆ ಉತ್ತರ ನಮ್ಮ ದೇಹದ ಪ್ರೋಟೀನ್‌ಗಳ ಒಳಗಿನ ಒಂದು ಸೂಕ್ಷ್ಮದಲ್ಲಿದೆ. ಆ ಸೂಕ್ಷ್ಮವನ್ನು ಬಿಡಿಸಿದವರ ಪೈಕಿ ನಮ್ಮ ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನವರೂ ಇದ್ದಾರೆ ಎಂಬುದು ನಮಗೆ ಸಂತೋಷದ ವಿಷಯ.

ಪ್ರೋಟೀನ್ ಎಂದರೆ ಶಾಲೆಯಲ್ಲಿ ನಾವು ಸಸಾರಜನಕ ಎಂದು ಓದಿದ್ದೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಒಂದರ ಹಿಂದೊಂದು ಕಟ್ಟಿದ ಮಾಲೆ ಅದು. ಗಾಂಧಿ ಬಜಾರಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡರೆ ಹೂವಿನಾಕೆ ಅದನ್ನು ಸುರುಳಿ ಸುತ್ತಿ ಬಾಳೆಲೆಯಲ್ಲಿ ಕಟ್ಟಿಕೊಡುತ್ತಾಳಲ್ಲ, ಆ ಪೊಟ್ಟಣವನ್ನು ನೆನೆಸಿಕೊಳ್ಳಿ. ದಾರದಲ್ಲಿ ಐದನೆಯ ಹೂವಿಗೂ ಐವತ್ತನೆಯ ಹೂವಿಗೂ ಬಹಳ ದೂರ. ಸುರುಳಿಯಲ್ಲಿ ಅವೆರಡೂ ಒಂದಕ್ಕೊಂದು ತಾಗಿಕೊಂಡೇ ಇರಬಹುದು. ಪ್ರೋಟೀನಿನ ಮಾಲೆಯೂ ಹೀಗೆ ಮಡಚಿಕೊಳ್ಳುತ್ತದೆ. ಆದರೆ ಹೂವಿನಾಕೆಯ ಸುರುಳಿ ದಿನಕ್ಕೊಂದು ರೀತಿ. ಪ್ರೋಟೀನು ತನ್ನ ಕೆಲಸ ಮಾಡಬೇಕಾದರೆ ಪ್ರತಿ ಸಲವೂ ಒಂದೇ ರೀತಿಯಲ್ಲಿ ಮಡಚಿಕೊಳ್ಳಬೇಕು. ಯಾವ ಕೊಂಡಿ ಯಾವ ಕೊಂಡಿಗೆ ತಾಗಿದೆ ಎಂಬುದರ ಮೇಲೆ ಅದರ ಆಕಾರ ನಿಂತಿದೆ. ಈ ತಾಗುವಿಕೆಗಳನ್ನು ಒಂದೊಂದಾಗಿ ಗುರುತಿಸಿ ಪಟ್ಟಿ ಮಾಡುವುದು ಇಂದು ಒಂದು ದೊಡ್ಡ ಶಾಸ್ತ್ರವೇ ಆಗಿದೆ. ಅಲ್ಲಿ ದೂರವನ್ನು ಅಳೆಯುವುದು ಆಂಗ್‌ಸ್ಟ್ರಾಮ್ ಎಂಬ ಮಾನದಿಂದ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಎರಡು ಕೊಂಡಿಗಳ ಪರಮಾಣುಗಳು ನಾಲ್ಕೈದು ಆಂಗ್‌ಸ್ಟ್ರಾಮಿನೊಳಗೆ ಬಂದರೆ ಅವು ತಾಗಿವೆ ಎಂದು ಸಾಮಾನ್ಯವಾಗಿ ಲೆಕ್ಕ.

ತಾಗುವುದಕ್ಕೂ ಒಂದು ಮಿತಿ ಇದೆ. ಪರಮಾಣುಗಳು ತೀರಾ ಒತ್ತೊತ್ತಾಗಿ ಇರಲಾರವು. ಈ ಮಿತಿಯಿಂದಲೇ ಹೊರಟು, ಪ್ರೋಟೀನಿನ ಮಾಲೆ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ರಚಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಕಂಡುಹಿಡಿದರೂ ಇಂದಿಗೂ ಅದನ್ನು ಈ ನಕ್ಷೆಗೆ ಹಿಡಿದು ನೋಡುತ್ತಾರೆ. ಮುಂದೆ ಬೆಂಗಳೂರಿಗೆ ಬಂದ ರಾಮಚಂದ್ರನ್ ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದಲ್ಲಿ ಪ್ರೊ. ಸರಸ್ವತಿ ವಿಶ್ವೇಶ್ವರ ಅವರು ಪ್ರೋಟೀನನ್ನು ಒಂದು ಬಲೆಯಂತೆ ನೋಡುವ ವಿಧಾನ ಬೆಳೆಸಿದರು. ಪ್ರತಿ ಅಮೈನೋ ಆಮ್ಲವೂ ಬಲೆಯ ಒಂದು ಗಂಟು, ಪ್ರತಿ ತಾಗುವಿಕೆಯೂ ಒಂದು ಎಳೆ. ಹೆಚ್ಚು ಎಳೆಗಳು ಕೂಡುವ ಗಂಟುಗಳು ಯಾವುವು ಎಂದು ಲೆಕ್ಕ ಹಾಕಿದರೆ ಪ್ರೋಟೀನು ಎಲ್ಲಿ ಗಟ್ಟಿ, ಎಲ್ಲಿ ಕೆಟ್ಟರೆ ಇಡೀ ಬಲೆ ಸಡಿಲ ಎಂಬುದರ ಸುಳಿವು ಸಿಗುತ್ತದೆ.

ಈಗ ಮೇಷ್ಟ್ರ ಇನ್ಸುಲಿನ್‌ಗೆ ಬರೋಣ. ಇದು ಪುಟ್ಟ ಪ್ರೋಟೀನು. 21 ಕೊಂಡಿಗಳ ಒಂದು ಸರಪಳಿ, 30 ಕೊಂಡಿಗಳ ಇನ್ನೊಂದು, ಒಟ್ಟು 51. ಈ ಕೊಂಡಿಗಳ ಸಾಲನ್ನು ಪತ್ತೆ ಹಚ್ಚಿದ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಬಂತು. ಸಾಲು ತಿಳಿದರೂ ಸುರುಳಿಯ ಆಕಾರ ತಿಳಿದಿರಲಿಲ್ಲ. ಅದನ್ನು 1969ರಲ್ಲಿ ತೋರಿಸಿದ್ದು ಆಕ್ಸ್‌ಫರ್ಡಿನ ಡೊರೊಥಿ ಹಾಜ್‌ಕಿನ್ ಅವರ ತಂಡ. ಆ ತಂಡದಲ್ಲಿ ನಮ್ಮ ವಿಜ್ಞಾನ ಸಂಸ್ಥೆಯಲ್ಲೇ ಓದಿ ಹೋಗಿದ್ದ ಎಂ. ವಿಜಯನ್ ಇದ್ದರು. ಅವರು 1971ರಲ್ಲಿ ಬೆಂಗಳೂರಿಗೆ ಮರಳಿ, 2022ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಪ್ರೋಟೀನುಗಳ ರಚನೆಯನ್ನು ಅಭ್ಯಾಸ ಮಾಡಿದರು.

ಹಾಜ್‌ಕಿನ್ ತಂಡ ನೋಡಿದ ಹರಳಿನಲ್ಲಿ ಇನ್ಸುಲಿನ್ ಅಣುಗಳು ಒಂಟಿಯಾಗಿರಲಿಲ್ಲ. ಎರಡೆರಡು ಜೋಡಿಯಾಗಿ, ಅಂಥ ಮೂರು ಜೋಡಿಗಳು ಸತುವಿನ ಪರಮಾಣುಗಳ ಸುತ್ತ ಸೇರಿ, ಆರರ ಗುಂಪಾಗಿದ್ದವು. ನೀವು ಅಂಗಡಿಯಿಂದ ತರುವ ಸಾದಾ ಮಾನವ ಇನ್ಸುಲಿನ್ ಶೀಶೆಯಲ್ಲೂ ಬಹುಪಾಲು ಹೀಗೆಯೇ ಇರುತ್ತದೆ. ಆರರ ಗುಂಪು ಚರ್ಮದ ಕೆಳಗೆ ಹೋದರೆ ಅಲ್ಲಿಂದ ರಕ್ತನಾಳಕ್ಕೆ ಸುಲಭವಾಗಿ ನುಸುಳಲಾರದು. ಗುಂಪು ಒಡೆಯಬೇಕು, ಜೋಡಿ ಬಿಡಬೇಕು, ಒಂಟಿಯಾಗಬೇಕು. ಇದಕ್ಕೆ ಹೊತ್ತು ಬೇಕು. ಆ ಹೊತ್ತೇ ನಾವು ಹೇಳುವ ಅರ್ಧ ಗಂಟೆ!

ಹಾಗಾದರೆ ಜೋಡಿಯನ್ನೇ ಸಡಿಲ ಮಾಡಿದರೆ? ಎರಡು ಅಣುಗಳು ಎಲ್ಲಿ ತಾಗಿಕೊಂಡಿವೆ ಎಂಬ ಪಟ್ಟಿ ಕೈಯಲ್ಲಿತ್ತು. ಎರಡನೆಯ ಸರಪಳಿಯ ಬಾಲದ ಕಡೆಯ ಕೆಲವು ಕೊಂಡಿಗಳು ಪಕ್ಕದ ಅಣುವನ್ನು ಹಿಡಿದುಕೊಳ್ಳುತ್ತವೆ. ಅಲ್ಲಿ 28ನೆಯದು ಪ್ರೋಲೀನ್, 29ನೆಯದು ಲೈಸೀನ್. ಇನ್ಸುಲಿನ್ನಿನ ದಾಯಾದಿಯಂತಿರುವ ಇನ್ನೊಂದು ಪ್ರೋಟೀನು ನಮ್ಮ ರಕ್ತದಲ್ಲಿದೆ. ಅದರಲ್ಲಿ ಇವೆರಡೂ ಹಿಂದುಮುಂದಾಗಿವೆ, ಅದು ಜೋಡಿ ಕಟ್ಟುವುದಿಲ್ಲ. ಇದನ್ನು ಗಮನಿಸಿದ ವಿಜ್ಞಾನಿಗಳು ಇನ್ಸುಲಿನ್ನಿನಲ್ಲೂ ಆ ಎರಡು ಕೊಂಡಿಗಳನ್ನು ಅದಲುಬದಲು ಮಾಡಿದರು. ಅಷ್ಟೇ! ಸಕ್ಕರೆ ಇಳಿಸುವ ಗುಣಕ್ಕೆ ಧಕ್ಕೆಯಾಗಲಿಲ್ಲ, ಜೋಡಿ ಮಾತ್ರ ಸಡಿಲಾಯಿತು. 1996ರಲ್ಲಿ ಬಳಕೆಗೆ ಬಂದ ಲಿಸ್ಪ್ರೋ ಇನ್ಸುಲಿನ್ ಇದೇ. ಆ ಬಳಿಕ ಬಂದ ಆಸ್ಪಾರ್ಟ್‌ನಲ್ಲಿ 28ನೆಯ ಕೊಂಡಿಯನ್ನೇ ಬದಲಿಸಿದ್ದಾರೆ. ಇವು ಹತ್ತಿಪ್ಪತ್ತು ನಿಮಿಷದಲ್ಲಿ ಕೆಲಸ ಆರಂಭಿಸುತ್ತವೆ. ಮೇಷ್ಟ್ರ ದೇಹದಲ್ಲಿ ಇನ್ಸುಲಿನ್ ಕೆಲಸಕ್ಕೆ ಇಳಿದಾಗ ಅವರಿನ್ನೂ ಮಂಗಳಾರತಿಗೂ ಬಂದಿರಲಿಲ್ಲ.

ನೀವು ನೋಡಬೇಕಾದದ್ದು ಇಷ್ಟು. ಎರಡು ಬಗೆ ಬೆರೆಸಿದ ಇನ್ಸುಲಿನ್ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಹಳೆಯದರ ಮೇಲೆ 30/70 ಎಂದಿರುತ್ತದೆ, ಹೊಸ ಬಗೆಯದರ ಮೇಲೆ ಮಿಕ್ಸ್ 30 ಅಥವಾ ಮಿಕ್ಸ್ 25 ಎಂದಿರಬಹುದು. ಎರಡೂ ಹಾಲಿನಂತೆ ಬೆಳ್ಳಗೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ, ಎರಡನೆಯದಕ್ಕೆ ತಟ್ಟೆ ಹಾಕಿದ ಮೇಲೆ. ಅಂಗಡಿಯವರು ‘ಅದಿಲ್ಲ, ಇದು ತಗೊಳ್ಳಿ, ಎರಡೂ ಒಂದೇ’ ಎಂದರೆ ಒಪ್ಪಬೇಡಿ. ನಿಮ್ಮ ವೈದ್ಯರನ್ನು ‘ಇದನ್ನು ಊಟಕ್ಕೆ ಎಷ್ಟು ಮುಂಚೆ?’ ಎಂದು ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಇನ್ನೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಶೀಶೆಯೂ ಇದೆ, 100 ಯೂನಿಟ್ಟಿನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. ಅದಲುಬದಲಾದರೆ ಪ್ರಮಾಣವೇ ತಲೆಕೆಳಗು.

ಬೆವರು, ಕೈನಡುಕ, ಎದೆ ಬಡಿತ, ವಿಪರೀತ ಹಸಿವು, ತಡಬಡಿಸುವ ಮಾತು ಇವು ಸಕ್ಕರೆ ಇಳಿದ ಲಕ್ಷಣಗಳು. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಪರೀಕ್ಷಿಸಿ, 70ಕ್ಕಿಂತ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ. ಆಮೇಲೆ ತಿಂಡಿ ತಿನ್ನಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೆತ್ತಿಗೇರಬಹುದು. ಆಸ್ಪತ್ರೆಗೆ ಸಾಗಿಸಿ.

ಶೀಶೆಯನ್ನು ಇಡುವ ವಿಷಯಕ್ಕೂ ಈ ತಾಗುವಿಕೆಗೂ ಸಂಬಂಧವಿದೆ. ಬಿಸಿಲು, ಕುಲುಕಾಟ, ಮಂಜುಗಡ್ಡೆ ಇವುಗಳಿಂದ ಇನ್ಸುಲಿನ್ ಅಣುವಿನ ಮಡಿಕೆ ಬಿಚ್ಚಿ, ತಾಗಬಾರದ ಕೊಂಡಿಗಳು ತಾಗಿ ಗಂಟು ಕಟ್ಟುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಮತ್ತೆ ನೀರಾಗದಂತೆ ಅದೂ ಸರಿಹೋಗುವುದಿಲ್ಲ. ಫ್ರಿಜ್ಜಿನಲ್ಲಿಡಿ, ಆದರೆ ಮೇಲಿನ ಐಸ್ ಖಾನೆಯಲ್ಲಲ್ಲ. ಬಳಸುತ್ತಿರುವ ಶೀಶೆಯನ್ನು ತಂಪಾದ ಕಡೆ ಹೊರಗೂ ಇಡಬಹುದು, ಹೆಚ್ಚಿನವಕ್ಕೆ ನಾಲ್ಕು ವಾರ ಮಿತಿ. ಫ್ರಿಜ್ ಇಲ್ಲದ ಮನೆಯಲ್ಲಿ ನೀರು ತುಂಬಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟರೂ ನಡೆಯುತ್ತದೆ. ಬೆಳ್ಳಗಿನ ಇನ್ಸುಲಿನ್ನನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಕುಲುಕಬೇಡಿ. ತಿಳಿಯಾಗಿರಬೇಕಾದದ್ದು ಮಸುಕಾಗಿದ್ದರೆ, ಎಳೆ ಎಳೆಯಾಗಿದ್ದರೆ, ಎಷ್ಟೇ ಬೆಲೆಯದಾದರೂ ಎಸೆಯಿರಿ.

ಮೇಷ್ಟ್ರ ಕ್ರಮ ಈಗ ಬದಲಾಗಿದೆ. ಮೊದಲು ಪೂಜೆ. ಅವರ ಇನ್ಸುಲಿನ್ ಪೆನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕ ಇರುತ್ತದೆ. ಇಡ್ಲಿ ತಟ್ಟೆಗೆ ಬಿದ್ದ ಮೇಲೆ, ಸೊಸೆಯ ಎದುರಿಗೇ ಚುಚ್ಚಿಕೊಳ್ಳುತ್ತಾರೆ.