ಗಳಗನಾಥದ ಹೊಳೆದಂಡೆ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುತ್ತದೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿದ ಹೊಳೆಯ ಪಯಣ ಇಲ್ಲಿಗೆ ಮುಗಿಯುತ್ತದೆ. ಯುಗಾದಿಯ ಹೊತ್ತಿಗೆ ನೀರು ತಗ್ಗಿ, ಮಳೆಗಾಲದಲ್ಲಿ ಮುಳುಗಿದ್ದ ಮರಳದಿಣ್ಣೆಗಳು ಮೇಲೇಳುತ್ತವೆ. ಕಡಲಿಲ್ಲದ ಈ ಸೀಮೆಗೆ ಅದೇ ಕಡಲತೀರ.

ದಂಡೆಯ ನಡಿಗೆಗೆ ಗಳಗೇಶ್ವರ ದೇವಸ್ಥಾನದಿಂದ ಹೊರಡುವುದೇ ಚೆಂದ. 11ನೇ ಶತಮಾನದ ಈ ಕಲ್ಯಾಣ ಚಾಲುಕ್ಯರ ಗುಡಿಯಂಥದ್ದು ನಾಡಿನಲ್ಲಿ ಅಪರೂಪ. ಗರ್ಭಗುಡಿಯ ಸುತ್ತ ಬುಡದಲ್ಲಿ ಅಗಲವಾಗಿ, ಮೇಲೇರಿದಂತೆ ಕಿರಿದಾಗುವ ಪಿರಮಿಡ್ಡಿನಂಥ ಕಲ್ಲುಕಟ್ಟು ಇದೆ. ಹೊಳೆಯ ನೆರೆಯನ್ನು ತಡೆದುಕೊಳ್ಳಲು ಗೋಡೆಗೆ ಕೊಟ್ಟ ಆಸರೆ ಇದೆಂದು ಹೇಳುತ್ತಾರೆ. ಬೆಳಗಿನ ಎಳೆಬಿಸಿಲಿನಲ್ಲಿ ಅದರ ಅಂಚುಗಳ ನೆರಳು ಒಂದರ ಮೇಲೊಂದು ಪಟ್ಟಿಯಾಗಿ ಬೀಳುತ್ತದೆ, ನಿಂತು ನೋಡಲೇಬೇಕು.

ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ವೆಂಕಟೇಶ ತಿರಕೊ ಕುಲಕರ್ಣಿ (1869–1942) ಈ ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಕನ್ನಡ ಓದುಗರು ಅವರ ಋಣ ಮರೆಯುವಂತಿಲ್ಲ.

ಗುಡಿ ದಾಟಿದರೆ ಸಂಗಮ. ಮರಳು ಹತ್ತು ಗಂಟೆಗೇ ಕಾಲು ಸುಡುತ್ತದೆ, ಬೇಗ ಹೋಗಬೇಕು. ಮರಳಿನಡಿಯ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಊರವರನ್ನು ಕೇಳದೆ ಯಾರೂ ನೀರಿಗಿಳಿಯಬಾರದು.