ವೇಷ ಕಟ್ಟುವ ಆಟ

ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ ಆಡುವವರ ಮನೆಗಳಲ್ಲಿ ಒಂದು ಪ್ರಶ್ನೆ ಮಾಮೂಲು: "ಇನ್ನೂ ಆಟ ಶುರುವೇ ಆಗಿಲ್ವಾ?" ಪರದೆಯ ಮೇಲೆ ಇರುವುದು ಒಂದು ಮುಖ, ಅಷ್ಟೇ. ಅದರ ಮೂಗನ್ನು ತುಸು ಅಗಲ ಮಾಡಿ, ಹುಬ್ಬು ಏರಿಸಿ, ಗದ್ದ ಇಳಿಸಿ, ಯಾಕೋ ಸರಿಬರಲಿಲ್ಲ ಎಂದು ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ಡ್ರ್ಯಾಗನ್ನು, ರಾಕ್ಷಸರು, ಅಪಾಯದಲ್ಲಿರುವ ರಾಜ್ಯ ಎಲ್ಲ ಹೊರಗೆ ಕಾಯುತ್ತಿರುತ್ತವೆ.

ತಮಾಷೆಯೆಂದರೆ, ಇಷ್ಟು ಕಷ್ಟಪಟ್ಟು ತಿದ್ದಿದ ಮುಖ ಆಮೇಲೆ ಕಾಣುವುದೇ ಕಡಿಮೆ. 2011ರಲ್ಲಿ ಬಂದ ಸ್ಕೈರಿಮ್ ಆಟವನ್ನು ಪಾತ್ರದ ಕಣ್ಣಿನಿಂದಲೇ ನೋಡುತ್ತ ಆಡಿದರೆ ನಮಗೆ ಕಾಣುವುದು ನಮ್ಮವೇ ಎರಡು ಕೈಗಳು. 2022ರ ಎಲ್ಡನ್ ರಿಂಗ್‌ನಲ್ಲಿ ಪಾತ್ರದ ಬೆನ್ನನ್ನೇ ನೋಡುತ್ತ ಓಡಬೇಕು. ಒಂದು ಒಳ್ಳೆಯ ಶಿರಸ್ತ್ರಾಣ ಸಿಕ್ಕಿದರೆ ಮುಖದ ಕಥೆ ಅಲ್ಲಿಗೆ ಮುಗಿಯಿತು. ಹಾಗಾದರೆ ಈ ಶೃಂಗಾರವೆಲ್ಲ ಯಾರಿಗಾಗಿ?

ನೋಯ್ಡಾದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ಚರ್ಚೆ ಬಹಳ ಸಲ ಆಗಿದೆ. ದೆಹಲಿಯ ಸುತ್ತ ಇರುವವರಿಗೆ ನವೆಂಬರ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಹೊಗೆಯಲ್ಲಿ ಎದುರಿನ ಟವರ್ ಮಾಯವಾಗುತ್ತದೆ, ವಾಕಿಂಗ್ ನಿಲ್ಲುತ್ತದೆ, ಏರ್ ಪ್ಯೂರಿಫೈಯರ್ ಸದ್ದಿನಲ್ಲಿ ಮನೆಮಂದಿಯೆಲ್ಲ ಒಳಗೇ. 2024ರ ನವೆಂಬರ್‌ನಲ್ಲಿ ಶಾಲೆಗಳೂ ಆನ್‌ಲೈನ್ ಆದವು. ಹೊರಗಿನ ಲೋಕ ಬೂದು ಬಣ್ಣಕ್ಕೆ ತಿರುಗಿದಾಗ ಇನ್ನೊಂದು ಲೋಕಕ್ಕೆ ಹೋಗುವವರು ಹೆಚ್ಚಾಗುವುದು ಸಹಜ. ನಾನು ಆ ಗುಂಪಿಗೆ ಹಳೆಯ ಸದಸ್ಯೆ. ಹನ್ನೊಂದರ ಮಗಳು ಹೊಸ ಸದಸ್ಯೆ.

ಈ ಆಟಗಳ ಮೂಲಪುರುಷ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಾಗದ, ಪೆನ್ಸಿಲ್ಲು, ದಾಳಗಳ ಆಟ. ಮುಖ ತಿದ್ದುವ ಸೌಕರ್ಯ ಅಲ್ಲೆಲ್ಲಿ ಬರಬೇಕು? ಪಾತ್ರವೆಂದರೆ ಆರು ಅಂಕಿ. ಶಕ್ತಿ, ಚಾಕಚಕ್ಯತೆ, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಮೂರು ದಾಳ ಉರುಳಿಸಿದರೆ ಮೂರರಿಂದ ಹದಿನೆಂಟರೊಳಗೆ ಬಿದ್ದದ್ದು ನಿಮ್ಮ ಹಣೆಬರಹ. ಬುದ್ಧಿ ಬೇರೆ, ವಿವೇಕ ಬೇರೆ ಎಂದು ಆ ಕಾಲದಲ್ಲೇ ಎರಡು ಕಾಲಮ್ಮು ಮಾಡಿದ್ದು ನನಗೆ ಇವತ್ತಿಗೂ ಇಷ್ಟ. ನಮ್ಮ ಕಂಪನಿಗಳ ಅಪ್ರೈಸಲ್ ಫಾರ್ಮಿನಲ್ಲಿ ಈ ವ್ಯತ್ಯಾಸ ಇನ್ನೂ ಬಂದಿಲ್ಲ.

ಆದರೆ ಅದೇ ಆಟದಲ್ಲಿ ಇನ್ನೊಂದು ಕಾಲಮ್ಮೂ ಇತ್ತು. ನೀವು ಮನುಷ್ಯರೋ, ಎಲ್ಫೋ, ಡ್ವಾರ್ಫೋ ಎಂಬ "ರೇಸ್". ಅದನ್ನು ಆರಿಸಿದ ಮೇಲೆ ಅಂಕಿಗಳು ತಾವಾಗಿಯೇ ಏರಿಳಿಯುತ್ತಿದ್ದವು. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಹಾಫ್-ಆರ್ಕ್ ಆಗಿ ಹುಟ್ಟಿದರೆ ಶಕ್ತಿಗೆ ಎರಡು ಹೆಚ್ಚು, ಬುದ್ಧಿಗೆ ಎರಡು ಕಡಿಮೆ, ವರ್ಚಸ್ಸಿಗೂ ಎರಡು ಕಡಿಮೆ. ಹುಟ್ಟಿನಿಂದಲೇ ಬುದ್ಧಿ ಕಡಿಮೆ ಎಂಬ ಲೆಕ್ಕ ಎಲ್ಲಿಯದು ಎಂದು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಿಲ್ಲ. ಇದರ ಮೇಲೆ ವರ್ಷಗಟ್ಟಲೆ ಜಗಳವಾಯಿತು. ಕೊನೆಗೆ 2024ರ ಹೊಸ ನಿಯಮಪುಸ್ತಕದಲ್ಲಿ "ರೇಸ್" ಪದ ಹೋಗಿ "ಸ್ಪೀಷೀಸ್" ಬಂತು. ಅಂಕಿಯ ಏರಿಕೆ ಹುಟ್ಟನ್ನು ಬಿಟ್ಟು ಆ ಪಾತ್ರ ಬೆಳೆದು ಬಂದ ಹಿನ್ನೆಲೆಗೆ, ಮಾಡಿದ ಕೆಲಸಕ್ಕೆ ಅಂಟಿಕೊಂಡಿತು. ಆಟದ ಸೊಗಸೇ ಹೋಯಿತು ಎಂದು ಹಲುಬಿದವರೂ ಇದ್ದಾರೆ. ನನಗೇನೂ ಹಾಗನ್ನಿಸಲಿಲ್ಲ.

ನಾನು ಹೊನ್ನಾವರದ ಕಡೆಯವಳು. ಹಾಗಾಗಿ "ಪಾತ್ರ ಕಟ್ಟುವುದು" ಎಂದಾಗ ನನಗೆ ಮೊದಲು ನೆನಪಾಗುವುದು ಯಕ್ಷಗಾನದ ಚೌಕಿ. ಅಲ್ಲಿ ಕಲಾವಿದ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷವಾದರೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿಗಳನ್ನು ಒಂದೊಂದಾಗಿ ಮುಖದ ಮೇಲೆ ಇಟ್ಟುಕೊಳ್ಳುತ್ತ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂರಬೇಕು. ಗೇಮಿನ ಪರದೆಯ ಮುಂದೆ ನಾವು ಕೂರುವ ಹಾಗೆಯೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಚೌಕಿಯಲ್ಲಿ "ನನಗೆ ಇಷ್ಟ ಬಂದ ಹಾಗೆ" ಎಂಬುದಿಲ್ಲ. ಬಡಗುತಿಟ್ಟಿನ ಕರ್ಣನಿಗೆ ಮುಂಡಾಸು, ಅಭಿಮನ್ಯುವಿಗೆ ಕೇದಗೆ ಮುಂದಲೆ. ಪ್ರೇಕ್ಷಕ ಇದನ್ನು ನಿರೀಕ್ಷಿಸಿಯೇ ಬಂದಿರುತ್ತಾನೆ. ವೇಷ ರಂಗಸ್ಥಳಕ್ಕೆ ಬಂದು ಬಾಯಿ ತೆರೆಯುವ ಮೊದಲೇ ಅದು ಎಂಥವನೆಂದು ಗೊತ್ತಾಗಬೇಕು. ಶಿವರಾಮ ಕಾರಂತರಂಥವರು ಯಕ್ಷಗಾನವನ್ನು ಬ್ಯಾಲೆ ಮಾಡಿ, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದಾಗ ಮೆಚ್ಚಿದವರಷ್ಟೇ ಮುನಿದವರೂ ಇದ್ದರು. ನೋಡುವವನ ನಿರೀಕ್ಷೆ ಎಂಬುದು ಕಂಪ್ಯೂಟರ್ ಬರುವ ಮೊದಲೂ ಸುಲಭದ ಸಂಗತಿ ಆಗಿರಲಿಲ್ಲ.

ಹಾಗಾದರೆ ಯಕ್ಷಗಾನದಲ್ಲಿ ಕಲಾವಿದನ ಸ್ವಂತದ್ದು ಏನು? ಅರ್ಥಗಾರಿಕೆ. ಪದ್ಯ ಅದೇ, ಮುಂಡಾಸು ಅದೇ, ಆದರೆ ನಿನ್ನೆಯ ಕರ್ಣ ಆಡಿದ ಮಾತು ಇಂದಿನ ಕರ್ಣ ಆಡುವುದಿಲ್ಲ. ಎದುರಿನ ಕೃಷ್ಣ ಅದಕ್ಕೆ ಅಲ್ಲಿಯೇ ಉತ್ತರ ಹುಡುಕಬೇಕು. ಆರ್.ಕೆ. ಪುರದ ಕರ್ನಾಟಕ ಸಂಘದ ಸಭಾಂಗಣದಲ್ಲಿ ಊರಿನ ಮೇಳದ ಆಟ ನೋಡಿ ಮನೆಗೆ ಬರುವಾಗ ಮೆಟ್ರೋದಲ್ಲಿ ನಾವು ಮಾತಾಡುವುದು ಕಿರೀಟದ ಬಗ್ಗೆ ಅಲ್ಲ, ಯಾರು ಯಾರಿಗೆ ಏನೆಂದರು ಎಂಬುದರ ಬಗ್ಗೆ.

ಗೇಮ್ ಆಡುವವರ ಅಸಮಾಧಾನವನ್ನು ಈ ಕಡೆಯಿಂದ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಮುಖ ತಿದ್ದಲು ನೂರು ಸ್ಲೈಡರ್ ಕೊಟ್ಟ ಆಟ, ಒಳಗೆ ಹೋದ ಮೇಲೆ ಆ ಮುಖಕ್ಕೆ ಯಾವ ಬೆಲೆಯನ್ನೂ ಕೊಡದಿದ್ದರೆ ಮೋಸ ಹೋದಂತೆ ಅನ್ನಿಸುತ್ತದೆ. ಕೊಂಬು ಇಟ್ಟುಕೊಂಡು ಊರೊಳಗೆ ನಡೆದರೂ ಒಬ್ಬನೂ ತಿರುಗಿ ನೋಡದಿದ್ದರೆ ಕೊಂಬು ಯಾಕೆ? ಬೆಲ್ಜಿಯಂನ ಲೇರಿಯನ್ ಕಂಪನಿಯ ಬಾಲ್ಡರ್ಸ್ ಗೇಟ್ 3 ಇಷ್ಟು ಹೆಸರು ಮಾಡಲು ಇದೂ ಒಂದು ಕಾರಣ ಎಂದು ನನ್ನ ಎಣಿಕೆ. (ಮಕ್ಕಳ ಆಟ ಅಲ್ಲ, ಮಗಳು ಮಲಗಿದ ಮೇಲೆ ಆಡಿದ್ದು.) ಅಲ್ಲಿ ಡ್ರೌ ಎಂಬ ಕತ್ತಲ ಲೋಕದ ಕುಲದವರಾಗಿ ಗಾಬ್ಲಿನ್‌ಗಳ ಪಾಳೆಯಕ್ಕೆ ಹೋದರೆ ಅವು ಹೆದರಿ ದಾರಿ ಬಿಡುತ್ತವೆ, ಬೇರೆಯವರಾಗಿ ಹೋದರೆ ಜಗಳಕ್ಕೋ ಸುಳ್ಳಿಗೋ ತಯಾರಾಗಬೇಕು. ನಿಮ್ಮ ವೇಷಕ್ಕೆ ಎದುರಿನವನ ಅರ್ಥಗಾರಿಕೆ ಬದಲಾಗುತ್ತದೆ ಎನ್ನಿ.

ಆದರೂ ಆಟಗಾರರನ್ನು ನಂಬುವ ಹಾಗಿಲ್ಲ. 2020ರ ಅಕ್ಟೋಬರ್‌ನಲ್ಲಿ ಈ ಆಟ ಪೂರ್ತಿಯಾಗುವ ಮೊದಲೇ ಪರೀಕ್ಷೆಗೆ ಬಿಟ್ಟಾಗ ಲೇರಿಯನ್‌ನವರು ಜನ ಮಾಡಿಕೊಂಡ ಪಾತ್ರಗಳ ಲೆಕ್ಕ ತೆಗೆದರು. ಕೊಂಬು, ಬಾಲ, ದೆವ್ವದ ಕಣ್ಣು ಎಲ್ಲ ಕೊಟ್ಟಿದ್ದರೂ ಹೆಚ್ಚು ಮಂದಿ ಆರಿಸಿದ್ದನ್ನು ಒಟ್ಟು ಸೇರಿಸಿದರೆ ಬಂದದ್ದು ಒಬ್ಬ ಸಾಧಾರಣ ಬಿಳಿಯ ಮನುಷ್ಯ. ಕಂಪನಿ ಇದನ್ನು ಬಹಿರಂಗವಾಗಿಯೇ ಹೇಳಿ ಗೇಲಿ ಮಾಡಿತು. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಮದುವೆ ಊಟಕ್ಕೆ ನಲವತ್ತು ಬಗೆ ಮಾಡಿಸಿದರೂ ಅನ್ನ-ಸಾರಿನ ಹತ್ತಿರವೇ ಸಾಲು ಉದ್ದ ಇರುತ್ತದೆ. ಹಾಗೆಂದು ಉಳಿದ ಮೂವತ್ತೊಂಬತ್ತನ್ನು ತೆಗೆದುಹಾಕಿದರೆ ಬೀಗರು ಸುಮ್ಮನಿರುತ್ತಾರೆಯೇ?

2023ರ ಆಗಸ್ಟ್‌ನಲ್ಲಿ ಆಟ ಪೂರ್ಣವಾಗಿ ಬಂದಾಗ ಇನ್ನೊಂದು ಬೇಡಿಕೆ ಎದ್ದಿತು. ಮುಖ ಒಮ್ಮೆ ಆರಿಸಿದರೆ ಆಯಿತು, ಬದಲಾಯಿಸುವಂತಿರಲಿಲ್ಲ. ನೂರು ಗಂಟೆಯ ಆಟದಲ್ಲಿ ಹತ್ತನೇ ಗಂಟೆಗೆ ಹೇರ್‌ಸ್ಟೈಲ್ ಬೇಸರವಾದರೆ ಏನು ಮಾಡುವುದು? ಸೆಪ್ಟೆಂಬರ್‌ನ ಮೂರನೇ ಪ್ಯಾಚ್‌ನಲ್ಲಿ ಒಂದು ಮಾಯಾಕನ್ನಡಿ ಸೇರಿಸಿದರು. ಜನ ಖುಷಿಪಟ್ಟರು. ಮರುವರ್ಷ ಮಾರ್ಚ್‌ನಲ್ಲಿ ಜಪಾನಿನ ಕ್ಯಾಪ್‌ಕಾಮ್ ಡ್ರ್ಯಾಗನ್ಸ್ ಡಾಗ್ಮಾ 2 ತಂದಿತು. ಪಾತ್ರ ಕಟ್ಟುವ ಪರದೆಯನ್ನು ಮಾತ್ರ ಆಟಕ್ಕಿಂತ ಎರಡು ವಾರ ಮೊದಲೇ ಪುಕ್ಕಟೆ ಕೊಟ್ಟಿದ್ದರು. ಜನ ದಿನಗಟ್ಟಲೆ ಕೂತು ಮುಖ ಮಾಡಿಟ್ಟುಕೊಂಡು ಕಾದರು. ಆಟ ಬಂದ ದಿನ ನೋಡಿದರೆ, ಮುಖ ಬದಲಾಯಿಸುವ ವಸ್ತು ದುಡ್ಡಿಗೆ ಮಾರಾಟಕ್ಕಿದೆ! ಅದು ಆಟದೊಳಗೆ ಸಂಪಾದಿಸಿಯೂ ಸಿಗುತ್ತಿತ್ತು, ನಿಜ. ಆದರೆ ಅಲ್ಲಿ ಇಟ್ಟಿದ್ದ ಸಂಖ್ಯೆ ತೀರ ಕಡಿಮೆ. ಸ್ಟೀಮ್‌ನಲ್ಲಿ ಬೈಗುಳದ ಮಳೆಯಾಯಿತು. ಆಮೇಲಿನ ಪ್ಯಾಚ್‌ನಲ್ಲಿ ಅಂಗಡಿಯ ದಾಸ್ತಾನನ್ನು 99ಕ್ಕೆ ಏರಿಸಿದರು. ಎರಡು ಡಾಲರಿನ ಪ್ರಶ್ನೆ ಅದಾಗಿರಲಿಲ್ಲ. "ಇದು ನಿನ್ನ ಮುಖ" ಎಂದು ಕೊಟ್ಟವರು "ಮುಟ್ಟಬೇಕಾದರೆ ಬಾಡಿಗೆ ಕೊಡು" ಎಂದ ಹಾಗಾಯಿತು. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಮಾಲೀಕರ ಅಪ್ಪಣೆ ಕೇಳಿದವರಿಗೆ ಆ ಸಿಟ್ಟು ಗೊತ್ತು.

ಮಾಡುವವರ ಕಷ್ಟವನ್ನೂ ಹೇಳಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಅನ್ನ ತಿನ್ನುವವಳು ನಾನು. ಹತ್ತು ಕುಲ, ಎರಡು ಮೈಕಟ್ಟು, ಮೂವತ್ತು ಶಿರಸ್ತ್ರಾಣ ಎಂದರೆ ಆಗಲೇ ಆರುನೂರು ಜೋಡಿ. ಅದಕ್ಕೆ ಇಪ್ಪತ್ತು ಬಗೆಯ ಕೂದಲು ಸೇರಿಸಿದರೆ ಹನ್ನೆರಡು ಸಾವಿರ. ಎಲ್ಲೋ ಒಂದು ಕಡೆ ಕೊಂಬು ಟೋಪಿಯನ್ನು ತೂರಿಕೊಂಡು ಹೊರಬರುತ್ತದೆ, ಜಡೆ ಕವಚದೊಳಗೆ ಮುಳುಗುತ್ತದೆ. ಪ್ರತಿಯೊಂದನ್ನೂ ಯಾರಾದರೂ ನೋಡಬೇಕು. ಅದಕ್ಕೇ ಕಂಪನಿಗಳು ಮುಖಕ್ಕೆ ಧಾರಾಳ, ಮಾತಿಗೆ ಜಿಪುಣ. ಸ್ಲೈಡರ್ ಅಗ್ಗ, ಧ್ವನಿಮುದ್ರಣ ದುಬಾರಿ.

ಹೆಸರಿನ ವಿಷಯ ಇದರ ಒಳ್ಳೆಯ ಉದಾಹರಣೆ. ಆಟಗಾರ ಇಟ್ಟ ಹೆಸರನ್ನು ಪಾತ್ರಗಳು ಬಾಯಿಬಿಟ್ಟು ಹೇಳುವುದು ಹೇಗೆ? 2007ರ ಮಾಸ್ ಎಫೆಕ್ಟ್ (ಫ್ಯಾಂಟಸಿ ಅಲ್ಲ, ಬಾಹ್ಯಾಕಾಶದ ಕಥೆ) ಇದಕ್ಕೆ ಉಪಾಯ ಹೂಡಿತು: ನಿಮ್ಮ ಹೆಸರು ಏನಾದರೂ ಇರಲಿ, ಮನೆತನದ ಹೆಸರು ಶೆಪರ್ಡ್. ಎಲ್ಲರೂ ಕರೆಯುವುದು ಹಾಗೆಯೇ. ಸ್ಕೈರಿಮ್‌ನಲ್ಲಿ ನೀವು "ಡ್ರ್ಯಾಗನ್‌ಬಾರ್ನ್". 2015ರ ಫಾಲ್ಔಟ್ 4ರಲ್ಲಿ ಒಬ್ಬ ಯಂತ್ರ ಸೇವಕನಿಗಾಗಿ ಸುಮಾರು 900 ಹೆಸರುಗಳನ್ನು ಮುದ್ರಿಸಿಟ್ಟಿದ್ದರು. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಅವನು ಅದನ್ನೇ ಕರೆಯುತ್ತಾನೆ. ಊರು ಬಿಟ್ಟು ಬಂದ ನಮಗೆ ಈ ಪಾಡು ಹೊಸದಲ್ಲ. ಸರ್‌ನೇಮ್ ಕಡ್ಡಾಯ ಎನ್ನುವ ಫಾರ್ಮುಗಳಲ್ಲಿ ಅಪ್ಪನ ಹೆಸರನ್ನು ಹಾಕಿ, ಆಮೇಲೆ ಬ್ಯಾಂಕಿನವರು ಫೋನು ಮಾಡಿ ಅಪ್ಪನ ಹೆಸರಿನಿಂದಲೇ ನಮ್ಮನ್ನು ಕರೆದಾಗ "ಹಾಂ ಜೀ" ಎನ್ನುವುದು ರೂಢಿಯಾಗಿದೆ.

ಮಗಳಿಗೆ ಅದು ರೂಢಿಯಾಗಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಆಟದಲ್ಲಿ ಈಟಿ ಹಿಡಿದ ಯೋಧೆಯನ್ನು ಮಾಡಿದಳು. ಕಂದು ಮೈಬಣ್ಣ, ಅಜ್ಜಿಯ ಮೂಗು, ಉದ್ದ ಜಡೆ ಎಲ್ಲ ಸಿಕ್ಕಿತು. ಹೆಸರು ಅಬ್ಬಕ್ಕ. ಉಳ್ಳಾಲದ ರಾಣಿಯ ಕಥೆಯನ್ನು ರಜೆಯಲ್ಲಿ ಅಜ್ಜನಿಂದ ಕೇಳಿ ಬಂದಿದ್ದಳು. ಕನ್ನಡ ಕೀಬೋರ್ಡ್ ಹಾಕಿಕೊಡಲು ನನ್ನನ್ನು ಕರೆದಳು. ಟೈಪ್ ಮಾಡಿದರೆ ಬಂದದ್ದು ಏಳು ಖಾಲಿ ಚೌಕ. "ಅಮ್ಮ, ಅಬ್ಬಕ್ಕದಲ್ಲಿ ಮೂರೇ ಅಕ್ಷರ ಅಲ್ವಾ? ಏಳು ಯಾಕೆ?" ಎಂದಳು. ಇನ್ನೊಂದು ಆಟದಲ್ಲಿ ಚೌಕ ಬರಲಿಲ್ಲ, ಆದರೆ ಒತ್ತಕ್ಷರಗಳು ಕೆಳಗಿಳಿಯದೆ "ಅಬ್‌ಬಕ್‌ಕ" ಎಂದು ಸಾಲಾಗಿ ನಿಂತವು. ನಗು ಬಂದರೂ ನಗಲಿಲ್ಲ. ಅವಳ ಮುಖ ಸಣ್ಣದಾಗಿತ್ತು.

ಉತ್ತರ ಸರಳ. ಕಂಪ್ಯೂಟರಿನ ಒಳಗೆ ಅಬ್ಬಕ್ಕ ಎಂದರೆ ಅ, ಬ, ಅರ್ಧಾಕ್ಷರದ ಚಿಹ್ನೆ, ಬ, ಕ, ಮತ್ತೆ ಆ ಚಿಹ್ನೆ, ಕ. ಒಟ್ಟು ಏಳು ಸಂಕೇತ. ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಒಂದೊಂದಕ್ಕೆ ಒಂದು ಚೌಕ. ಫಾಂಟು ಇದ್ದರೂ, ಒತ್ತು ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವ ತಂತ್ರಾಂಶ ಇಲ್ಲದಿದ್ದರೆ ಸಾಲಾಗಿ ನಿಲ್ಲುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಲಿಪಿಯ ಕಡೆಯಿಂದ ತಡವೇನೂ ಆಗಿಲ್ಲ. ಹೆಸರಿನ ಪೆಟ್ಟಿಗೆ ಮಾಡಿದವರಿಗೆ ನಾವು ಅಲ್ಲಿ ಬಂದು ಕೂರುತ್ತೇವೆಂಬ ಅಂದಾಜು ಇರಲಿಲ್ಲ, ಅಷ್ಟೇ. ಚರ್ಮದ ಬಣ್ಣಕ್ಕೆ ಇಪ್ಪತ್ತು ಛಾಯೆ ಕೊಡಲು ನೆನಪಾಗಿತ್ತು.

ಅದೇ ವಾರ ಪುಣೆಯ ನಾಡಿಂಗ್ ಹೆಡ್ಸ್ ತಂಡದ ರಾಜಿ ಆಟವನ್ನು ಹಾಕಿಕೊಟ್ಟೆ. 2020ರಲ್ಲಿ ಬಂದದ್ದು. ತಮ್ಮನನ್ನು ಹೊತ್ತೊಯ್ದ ಮಹಾಬಲಾಸುರನನ್ನು ಹುಡುಕಿ ಹೋಗುವ ಹುಡುಗಿಯ ಕಥೆ. ದುರ್ಗೆ ಅವಳ ಕೈಗೆ ತ್ರಿಶೂಲ ಕೊಡುತ್ತಾಳೆ, ವಿಷ್ಣು ಮತ್ತು ದುರ್ಗೆ ಮಾತಾಡಿಕೊಳ್ಳುತ್ತ ಕಥೆ ಹೇಳುತ್ತಾರೆ. ಅಲ್ಲಿ ಮೂಗು ತಿದ್ದುವ ಪರದೆ ಇಲ್ಲ, ಹೆಸರು ಬದಲಾಯಿಸುವಂತಿಲ್ಲ. ಮಗಳು ಒಮ್ಮೆಯೂ ಕೇಳಲಿಲ್ಲ. ಮುಂಡಾಸು ಕಟ್ಟಿದವನನ್ನು ಕರ್ಣನೆಂದು ಒಪ್ಪಿದ ಹಾಗೆ ರಾಜಿಯನ್ನು ಒಪ್ಪಿಕೊಂಡಳು. ನೀನು ಯಾರು ಬೇಕಾದರೂ ಆಗಬಹುದು ಎಂದು ಆ ಆಟ ಹೇಳಿರಲೇ ಇಲ್ಲವಲ್ಲ.

ಆದರೆ ಅಬ್ಬಕ್ಕನನ್ನು ಮರೆಯಲಿಲ್ಲ. ಗೊಡಾಟ್ ಎಂಬ ಉಚಿತ ಗೇಮ್ ಇಂಜಿನ್ನಿನ ನಾಲ್ಕನೆಯ ಆವೃತ್ತಿ 2023ರಲ್ಲಿ ಬಂದಾಗಿನಿಂದ ನಮ್ಮಂಥ ಲಿಪಿಗಳ ಅಕ್ಷರ ಜೋಡಣೆ ಅದರೊಳಗೇ ಇದೆ. ಒಂದು ಭಾನುವಾರ ಕೂತು ಸಣ್ಣ ಪರದೆಯೊಂದನ್ನು ಮಾಡಿದೆವು. ಚಿತ್ರ ಇಲ್ಲ, ಡ್ರ್ಯಾಗನ್ ಇಲ್ಲ. ಹೆಸರಿಗೆ ಒಂದು ಪೆಟ್ಟಿಗೆ, ಕೆಳಗೆ ಕನ್ನಡದಲ್ಲಿ ಆರು ಗುಣ, ಹಂಚಲು ಅರವತ್ತು ಅಂಕ. ಅಬ್ಬಕ್ಕ ಎರಡು ಒತ್ತುಗಳ ಸಮೇತ ನೆಟ್ಟಗೆ ಮೂಡಿದಳು. ಮಗಳು ಶಕ್ತಿಗೂ ವರ್ಚಸ್ಸಿಗೂ ಹದಿನೈದು ಹದಿನೈದು ಕೊಟ್ಟು, ಕೊನೆಗೆ ವಿವೇಕಕ್ಕೆ ಬರೀ ನಾಲ್ಕು ಉಳಿಸಿದಳು. ಯಾಕೆ ಅಷ್ಟು ಕಡಿಮೆ ಎಂದೆ.

"ಅವಳಿಗೆ ಸ್ವಲ್ಪ ಸಿಟ್ಟು ಇರ್ಲಿ ಅಮ್ಮ. ಮುಂದೆ ಏನಾಗತ್ತೆ, ಅದನ್ನ ಮಾಡು."