ತರಗತಿಯ ಹೊರಗಣ ವಿದ್ಯೆ

ವಿದ್ಯೆಯೆಂದರೆ ಪರೀಕ್ಷೆ, ಪರೀಕ್ಷೆಯೆಂದರೆ ಅಂಕ, ಅಂಕವೆಂದರೆ ನೌಕರಿ. ಮುಂಬಯಿಯ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈ ಲೆಕ್ಕ ಎಂದಿನಿಂದಲೋ ನಡೆದು ಬಂದಿದೆ. ಈ ಲೆಕ್ಕವನ್ನು ತಪ್ಪೆನ್ನುವ ಧೈರ್ಯ ನಮಗಿಲ್ಲ. ತಿಂಗಳ ಸಂಬಳವನ್ನೇ ನಂಬಿ ಬದುಕುವವರು ನಾವು. ಆದರೆ ಕಚೇರಿಯ ಮೇಜಿನ ಈಚೆ ಕುಳಿತು ಕಂಡ ಒಂದು ಮಾತನ್ನು ವಾಚಕರ ಮುಂದಿಡಬೇಕಾಗಿದೆ. ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿ ಬಂದ ತರುಣರು ಕಡತವನ್ನು ಚೆನ್ನಾಗಿ ಓದುತ್ತಾರೆ, ಟಿಪ್ಪಣಿಯನ್ನೂ ತಪ್ಪಿಲ್ಲದೆ ಬರೆಯುತ್ತಾರೆ. ಪಿಂಚಣಿಯ ಕಾಗದ ಹಿಡಿದು ಬಂದ ಮುದುಕಿಯೊಬ್ಬಳನ್ನು ಕೂರಿಸಿ, ಆಕೆಗೆ ತಿಳಿಯುವಂತೆ ನಾಲ್ಕು ಮಾತು ಹೇಳಬೇಕಾದಾಗ ಮಾತ್ರ ಅವರ ನಾಲಗೆ ತಡವರಿಸುತ್ತದೆ. ಅವರೇನೂ ಕೆಟ್ಟವರಲ್ಲ. ಹತ್ತು ಜನರೊಡನೆ ಬೆರೆಯುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ, ಅಷ್ಟೆ.

ಹಳೆಯ ಮುಂಬಯಿಯ ಪಾಠ

ಈ ವಿದ್ಯೆ ಮುಂಬಯಿಗೆ ಹೊಸದೇನಲ್ಲ. ಇಲ್ಲಿಯ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1857ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲೇ, 1848ರಲ್ಲಿ, ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು ಸೇರಿ ಸಾಹಿತ್ಯ ಮತ್ತು ವಿಜ್ಞಾನಗಳ ಸಭೆಯೊಂದನ್ನು ಕಟ್ಟಿಕೊಂಡಿದ್ದರು. ಪ್ರಬಂಧ ಓದಿ ಚರ್ಚಿಸುವುದರಲ್ಲೇ ಅವರು ತೃಪ್ತರಾಗಲಿಲ್ಲ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅಪಚಾರವೆಂದು ಬಹುಮಂದಿ ಭಾವಿಸಿದ್ದ ಆ ಕಾಲದಲ್ಲಿ, 1849ರಲ್ಲಿ, ಕನ್ಯಾಶಾಲೆಗಳನ್ನು ತೆರೆದರು. ಬೆಳಗಿನ ಹೊತ್ತು ತಾವೇ ಹೋಗಿ ಬಿಟ್ಟಿಯಾಗಿ ಪಾಠ ಹೇಳಿದರು. ಆ ತರುಣರ ಪೈಕಿ ಒಬ್ಬರು ದಾದಾಭಾಯಿ ನವರೋಜಿ. ಮನೆಮನೆಗೆ ಹೋಗಿ ತಂದೆತಾಯಿಗಳನ್ನು ಒಪ್ಪಿಸುತ್ತಿದ್ದ ಆ ನಾಲಗೆಯೇ ಮುಂದೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಭಾರತದ ಪರವಾಗಿ ನುಡಿಯಿತು.

ನೌಕರಿ ಮಾಡುತ್ತಲೇ ಓದುವವರ ಪಾಡನ್ನು ಅರಿತಿದ್ದ ಡಾ. ಅಂಬೇಡ್ಕರರು 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ಆರಂಭಿಸಿ, ತರಗತಿಗಳನ್ನು ಬೆಳಗಿನ ಹೊತ್ತಿಗೆ ಇಟ್ಟರು. ಅಲ್ಲಿ ವಿದ್ಯಾರ್ಥಿಗಳದೇ ಒಂದು ಪಾರ್ಲಿಮೆಂಟೂ ಇತ್ತು. ಸ್ವತಃ ಅಂಬೇಡ್ಕರರೇ ಅದರ ಮುಂದೆ ಮಾತನಾಡಿದ್ದುಂಟು. ಹತ್ತು ಗಂಟೆಗೆ ಕಚೇರಿ ಸೇರಬೇಕಾದ ಹುಡುಗನಿಗೂ ವಾದಿಸುವ, ಎದುರಾಳಿಯ ಮಾತನ್ನು ಕೇಳಿಸಿಕೊಳ್ಳುವ ಅಭ್ಯಾಸ ಬೇಕೆಂಬುದು ಅದರ ಹಿಂದಿನ ವಿಚಾರ.

ನಮ್ಮ ಕನ್ನಡಿಗರೂ ಹಿಂದೆ ಬಿದ್ದವರಲ್ಲ. ತೆಂಕಣ ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. ಅಲ್ಲಿ ಕಲಿತು ಮುಂದೆ ಪದವೀಧರರಾದವರು ಎಷ್ಟೋ ಮಂದಿ. ಆ ಶಾಲೆಗಳಲ್ಲಿ ಪಾಠದ ಜೊತೆಗೆ ಊರಿನವರ ಒಡನಾಟವೂ ಸಿಗುತ್ತಿತ್ತು. ಊರು ಬಿಟ್ಟು ಬಂದ ಹುಡುಗನಿಗೆ ಅದೇನು ಕಡಿಮೆಯ ಭಾಗ್ಯವೇ?

ಧಾರವಾಡದ ಕಡೆ ನೋಡಿದರೆ, 1922ರಲ್ಲಿ ಬೇಂದ್ರೆಯವರು ಕಟ್ಟಿದ ಗೆಳೆಯರ ಗುಂಪಿನ ನೆನಪಾಗುತ್ತದೆ. ಆಗ ಧಾರವಾಡವೂ ಮುಂಬಯಿ ವಿಶ್ವವಿದ್ಯಾನಿಲಯದ ವ್ಯಾಪ್ತಿಗೇ ಸೇರಿತ್ತು. ಕಾಲೇಜಿನಲ್ಲಿ ಓದುತ್ತಿದ್ದ ಗೋಕಾಕರಂಥ ಕಿರಿಯರು ಬೇಂದ್ರೆ, ಶಂಬಾ ಜೋಶಿಯವರಂಥ ಹಿರಿಯರೊಡನೆ ಸರಿಸಮನಾಗಿ ಕೂತು ಬೆಳೆದದ್ದು ಅಂಥ ಬಳಗದಲ್ಲಿ. ಅದಕ್ಕೆ ಹಾಜರಿ ಪುಸ್ತಕವೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ.

ಸ್ವತಂತ್ರ ಭಾರತದಲ್ಲಿ ಸರಕಾರವೂ ಈ ಕಡೆ ಕಣ್ಣು ಹಾಯಿಸಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಮಂತ್ರಿ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದವರು. ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಓದಿದವರು. ಈ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಮಾಡಬೇಕು. ಏಳು ದಿನ ಶಿಬಿರದಲ್ಲಿ ಇರಬೇಕು. ಎಂದೂ ಪೊರಕೆ ಹಿಡಿಯದ ಪಟ್ಟಣದ ಹುಡುಗನು ಹಳ್ಳಿಯ ಅಂಗಳ ಗುಡಿಸಿ, ಅಪರಿಚಿತರ ಮಗ್ಗುಲಲ್ಲಿ ಚಾಪೆ ಹಾಸಿ ಮಲಗಿದರೆ, ಅದೂ ಒಂದು ಪಾಠವೇ ಸರಿ.

ಇಂದಿನ ಪರಿಸ್ಥಿತಿ

ಹೀಗಿರುವಲ್ಲಿ ಇಂದು ಕೊರತೆ ಯಾವುದು? ಡೊಂಬಿವಲಿಯಿಂದಲೋ ವಿರಾರಿನಿಂದಲೋ ಬೆಳಗಿನ ಲೋಕಲ್ ಗಾಡಿ ಹಿಡಿಯುವ ಹುಡುಗಿಗೆ ದಿನದ ಮೂರ್ನಾಲ್ಕು ಗಂಟೆ ಪ್ರಯಾಣಕ್ಕೇ ಸಲ್ಲುತ್ತದೆ. ಕಾಲೇಜು ಮುಗಿದೊಡನೆ ಟ್ಯೂಷನ್, ಅಲ್ಲಿಂದ ಮನೆ. ಮನೆಯೆಂದರೆ ಒಂದೇ ಕೋಣೆ, ಅದರಲ್ಲೇ ಟಿ.ವಿ., ಅದರಲ್ಲೇ ಅಡುಗೆ. ಕರ್ನಾಟಕದಿಂದ ಬಂದು ಹಾಸ್ಟೆಲಿನಲ್ಲೋ ಬಾಡಿಗೆಯ ಹಾಸಿಗೆಯಲ್ಲೋ ಇರುವ ಹುಡುಗನ ಪಾಡು ಇನ್ನೊಂದು ತೆರ. ಜ್ವರ ಬಂದರೆ ಗಂಜಿ ಕೊಡುವವರಿಲ್ಲ. ಒಂದು ವಿಷಯದಲ್ಲಿ ನಪಾಸಾದರೆ ಊರಿಗೆ ಫೋನು ಮಾಡುವ ಧೈರ್ಯವಿಲ್ಲ. ಕೈಯಲ್ಲಿ ಮೊಬೈಲು ಇದ್ದರೂ ಮನಸ್ಸಿನ ಮಾತಿಗೆ ಕಿವಿಯಿಲ್ಲ. ಇಂಥ ಮೌನ ಬೆಳೆದರೆ ಅದು ಎಲ್ಲಿಗೆ ಮುಟ್ಟೀತೆಂಬುದನ್ನು ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸರಕಾರವು 2022ರಲ್ಲಿ ಟೆಲಿ ಮಾನಸ್ ಎಂಬ ಉಚಿತ ಸೇವೆಯನ್ನು ತೆರೆದಿದೆ; 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಈ ಸಂಖ್ಯೆ ಪ್ರತಿ ಮನೆಯ ಗೋಡೆಯ ಮೇಲಿರಲಿ. ಆದರೆ ನೆರೆಯವರ ಅಕ್ಕರೆಗೆ ಅದು ಬದಲಾಗಲಾರದು.

ಸಂಘಗಳು ಮಾಡಬಹುದಾದುದು

ನಮ್ಮ ಸಂಘಗಳು ವಿದ್ಯಾರ್ಥಿವೇತನ ಕೊಡುತ್ತಿವೆ, ಅದು ಸ್ತುತ್ಯವಾದ ಕೆಲಸ. ಆದರೆ ವಿದ್ಯಾರ್ಥಿಗಳು ವೇದಿಕೆಗೆ ಬರುವುದು ಲಕೋಟೆ ಪಡೆದು ನಮಸ್ಕರಿಸಲು ಮಾತ್ರ; ಉಳಿದಂತೆ ಕುರ್ಚಿ ಜೋಡಿಸಲು. ಇದಕ್ಕಿಂತ ಮುಂದೆ ಹೋಗಲು ಹೆಚ್ಚಿನ ಹಣವೇನೂ ಬೇಡ.

ಮೊದಲನೆಯದಾಗಿ, ವಾರದ ದಿನಗಳಲ್ಲಿ ಬೀಗ ಹಾಕಿರುವ ಸಭಾಗೃಹವನ್ನು ಸಂಜೆ ಎರಡು ಗಂಟೆ ತೆರೆದಿಟ್ಟರೆ ಅದೇ ವಾಚನಾಲಯವಾಗುತ್ತದೆ. ಎರಡನೆಯದಾಗಿ, ಊರಿನಿಂದ ಬಂದ ಒಬ್ಬೊಬ್ಬ ವಿದ್ಯಾರ್ಥಿಯನ್ನು ಒಂದೊಂದು ಮನೆಯವರು ತಮ್ಮವರೆಂದು ತಿಳಿದು ತಿಂಗಳಿಗೊಂದು ಭಾನುವಾರ ಊಟಕ್ಕೆ ಕರೆಯಲಿ. ಹಿಂದೆ ಬಡ ವಿದ್ಯಾರ್ಥಿಗಳನ್ನು ವಾರಾನ್ನ ಕೊಟ್ಟು ಓದಿಸಿದ ಜನ ನಾವು. ತಿಂಗಳಿಗೊಂದು ಊಟ ಹೊರೆಯಾದೀತೆ? ಅಂದು ಅಂಕದ ವಿಚಾರ ಕೇಳದಿದ್ದರೆ ಇನ್ನೂ ಒಳಿತು. ಮೂರನೆಯದಾಗಿ, ವರ್ಷಕ್ಕೊಂದು ಕಾರ್ಯಕ್ರಮವನ್ನು ಹಣದ ಸಮೇತ ಕಾಲೇಜಿನ ಮಕ್ಕಳ ಕೈಗೆ ಒಪ್ಪಿಸಬೇಕು. ಲೆಕ್ಕ ಅವರೇ ಬರೆಯಲಿ, ಜಗಳ ಬಂದರೆ ಅವರೇ ತೀರಿಸಿಕೊಳ್ಳಲಿ. ಹಿರಿಯರು ಕೊನೆಯ ಸಾಲಿನಲ್ಲಿ ಕುಳಿತು ನೋಡಲಿ. ಹೆಣ್ಣುಮಕ್ಕಳೂ ನಿಶ್ಚಿಂತೆಯಿಂದ ಭಾಗವಹಿಸುವಂತೆ ಸಭೆಗಳನ್ನು ಹೊತ್ತು ಮುಳುಗುವ ಮುನ್ನ ಮುಗಿಸುವುದು ಅವಶ್ಯ.

ಕಡೆಯದಾಗಿ ಒಂದು ಬಿನ್ನಹ. ಇಲ್ಲಿಯೇ ಹುಟ್ಟಿ ಬೆಳೆದು ಕನ್ನಡ ಓದಲಾರದ ಮಕ್ಕಳು ಸಂಘಕ್ಕೆ ಬಂದಾಗ ಅವರ ತಪ್ಪು ಉಚ್ಚಾರಣೆಯನ್ನು ನಗೆಗೀಡು ಮಾಡದಿರೋಣ. ಒಮ್ಮೆ ನಕ್ಕರೆ ಆ ಹುಡುಗ ಮತ್ತೆ ಬಾರನು. ಪ್ರೀತಿಯಿಂದ ಕೂರಿಸಿಕೊಂಡರೆ ಭಾಷೆ ತಾನಾಗಿ ಬರುತ್ತದೆ. ಭಾಷೆಯ ಜೊತೆಗೆ ಬಳಗವೂ ಬರುತ್ತದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ನಾಲ್ಕು ಮಾತುಗಳಲ್ಲಿ ಒಂದನ್ನಾದರೂ ಎತ್ತಿಕೊಂಡರೆ ನಮ್ಮ ಬರಹ ಸಾರ್ಥಕವಾದಂತೆ.